ಹೆನ್ಶೀರ್ ಲೂಜ್‌ನ ರಾಜ್ಯಪಾಲೆ

ಟ್ಯೂನಿಸ್
೧೧ ಮಾರ್ಚ್ ೨೦೦೧

ಪ್ರೀತಿಯ ಬಾಬಾ,

ನವೆಂಬರಿನಿಂದ ನೀವು ನನಗೆ ಒಂದು ಸಾಲೂ ಬರೆದಿಲ್ಲ. ಉಮ್ಮಿ ತಿಂಗಳಿಗೊಮ್ಮೆ ಬಸ್ಸಿನವನ ಕೈಯಲ್ಲಿ ಬ್ಸೀಸಾ ಹಿಟ್ಟಿನ ಡಬ್ಬಿ ಕಳಿಸುತ್ತಾಳೆ. ತಳದವರೆಗೆ ಬೆರಳು ಹಾಕಿ ಹುಡುಕುತ್ತೇನೆ, ನಿಮ್ಮ ಕೈಬರಹದ ಚೂರು ಕಾಗದವೂ ಸಿಗುವುದಿಲ್ಲ. ಯಾರೋ ನಿಮಗೆ ವಿಷಯ ಮುಟ್ಟಿಸಿದ್ದಾರೆ ಅಂತ ಅರ್ಥವಾಯಿತು.

ಹೌದು ಬಾಬಾ, ಕಾನೂನು ಕಾಲೇಜು ಬಿಟ್ಟಿದ್ದೇನೆ. ಫೇಲಾಗಿ ಬಿಟ್ಟಿದ್ದಲ್ಲ. ಎರಡು ವರ್ಷ ಪಾಸಾಗಿ, ಮೂರನೆಯದಕ್ಕೆ ಕಾಲು ಏಳದೆ ಬಿಟ್ಟೆ. ಈಗ ಬಾಬ್ ಸೂಯಿಕಾದ ಒಂದು ಪಬ್ಲಿನೆಟ್ಟಿನಲ್ಲಿ ಕೆಲಸ. ಎಂಟು ಕಂಪ್ಯೂಟರಿನ ಇಂಟರ್ನೆಟ್ ಅಂಗಡಿ. ಜನ ಬಂದು ಗಂಟೆ ಲೆಕ್ಕದಲ್ಲಿ ಕೂತು ಹೋಗುತ್ತಾರೆ, ನಾನು ನೋಡಿಕೊಳ್ಳುತ್ತೇನೆ. ಬೈಯುವುದಿದ್ದರೆ ಬರೆದು ಬೈಯಿರಿ, ಪೂರ್ತಿ ಓದುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ.

ಈಗ ಅಸಲು ವಿಷಯ. ಇಲ್ಲಿ ಒಂದು ಆಟವಿದೆ, ರೋಮನ್ನರ ಕಾಲದ ಊರು ಕಟ್ಟುವ ಆಟ. ಆಡುವವರು ಚಕ್ರವರ್ತಿ ಕಳಿಸಿದ ರಾಜ್ಯಪಾಲರು. ಖಾಲಿ ನೆಲ ಕೊಡುತ್ತಾರೆ. ರಸ್ತೆ ಹಾಕಿ, ಮನೆಗಳಿಗೆ ಜಾಗ ಗುರುತು ಮಾಡಿದರೆ ಜನ ಕೈಗಾಡಿ ತಳ್ಳಿಕೊಂಡು ಬಂದು ಡೇರೆ ಹಾಕುತ್ತಾರೆ. ನೀರು, ರೊಟ್ಟಿ, ಗುಡಿ, ವೈದ್ಯ, ಕ್ಷೌರಿಕ ಒಂದೊಂದಾಗಿ ಸಿಕ್ಕಂತೆ ಡೇರೆ ಗುಡಿಸಲಾಗುತ್ತದೆ, ಗುಡಿಸಲು ಮಹಡಿ ಮನೆಯಾಗುತ್ತದೆ. ಇಲ್ಲಿನ ಹುಡುಗರು ಆಟದ ರೋಮನ್ ಕಂಬಗಳನ್ನು ನೋಡಿ ಬಾಯಿ ಬಿಡುತ್ತಾರೆ. ನಾನು ಅಂಥ ಕಂಬಕ್ಕೆ ಮೇಕೆ ಕಟ್ಟಿ ಬೆಳೆದವಳು, ನನಗೆ ನಗು ಬರುತ್ತದೆ.

ನಮ್ಮದೇ ನೆಲದ ನಕ್ಷೆ ಬರೆದುಕೊಳ್ಳಲು ಆಟದ ಜೊತೆಗೇ ಒಂದು ಸಲಕರಣೆ ಕೊಟ್ಟಿದ್ದಾರೆ. ನಾನು ನಮ್ಮೂರು ಹೆನ್ಶೀರ್ ಲೂಜ್ ಬರೆಯುತ್ತಿದ್ದೇನೆ. ಬೆಟ್ಟ, ರೋಮನ್ನರ ಬಯಲು ನಾಟಕಶಾಲೆಯ ಮೆಟ್ಟಿಲು, ಅವರ ಸ್ನಾನಗೃಹ, ಹದಿನಾಲ್ಕು ಮನೆ, ಬಾದಾಮಿ ಮರ, ಎಲ್ಲವೂ. ನಮ್ಮ ಕತ್ತೆ ಕೊಟ್ಟಿಗೆಯನ್ನೂ ಇಟ್ಟಿದ್ದೇನೆ. ಕೊಟ್ಟಿಗೆಯೊಳಗಿನ ಸೀದಿ ಹಮ್ಹಾಮ್‌ರ ಗೋರಿಗೆ ಏನು ಮಾಡಲಿ? ಆಟದಲ್ಲಿ ವಲಿಗಳಿಲ್ಲ, ಸಂತರಿಲ್ಲ. ಒಂದು ಪುಟ್ಟ ರೋಮನ್ ಗುಡಿ ಇಟ್ಟೆ. ಉಮ್ಮಿಗೆ ಹೇಳಬೇಡಿ.

ನಕ್ಷೆಯ ಒಂದು ಚೌಕಕ್ಕೆ ಹತ್ತು ಹೆಜ್ಜೆ ಲೆಕ್ಕ. ಹಳೆಯ ನೀರುಕಾಲುವೆಯ ಮೋಟು ಕಂಬಗಳು ಎಲ್ಲೆಲ್ಲಿವೆ ಅಂತ ನೆನಪಿನಿಂದ ಬರೆಯಲಾಗುತ್ತಿಲ್ಲ. ದಿನಕ್ಕೆರಡು ಸಲ ಅವುಗಳ ನಡುವೆ ಸುತ್ತುವವರು ನೀವು. ಹೆಜ್ಜೆ ಎಣಿಸಿ ಕಳಿಸುತ್ತೀರಾ? ಮಗಳಿಗೆ ಬರೆಯಲು ಮನಸ್ಸಿಲ್ಲದಿದ್ದರೆ ರಾಜ್ಯಪಾಲೆಗೆ ಬರೆಯಿರಿ.

ನಿಮ್ಮ ಹಟವನ್ನೇ ಹೊತ್ತು ಹುಟ್ಟಿದ,
ದಲಂದಾ


ಹೆನ್ಶೀರ್ ಲೂಜ್
೨ ಏಪ್ರಿಲ್ ೨೦೦೧

ಘನತೆವೆತ್ತ ರಾಜ್ಯಪಾಲೆಯವರಿಗೆ,

ಟ್ಯೂನಿಸಿನಲ್ಲಿ ನನಗೊಬ್ಬಳು ಮಗಳಿದ್ದಾಳೆ. ಅವಳಿಗೆ ನಾನು ಪತ್ರ ಬರೆಯುವುದಿಲ್ಲ. ತಾವು ಅವಶೇಷಗಳ ಬಗ್ಗೆ ಮಾಹಿತಿ ಕೇಳಿದ್ದೀರಿ. ಮೂವತ್ತೊಂದು ವರ್ಷದಿಂದ ಅವುಗಳ ಕಾವಲುಗಾರನಾಗಿ ಕೊಡುವುದು ನನ್ನ ಕರ್ತವ್ಯ.

ಮೋಟು ಕಂಬಗಳು ಒಟ್ಟು ಹತ್ತೊಂಬತ್ತು. ಪ್ರತಿಯೊಂದರ ನಡುವಿನ ಹೆಜ್ಜೆ, ಯಾವ ದಿಕ್ಕಿಗೆ ತಿರುಗಿದೆ ಎಂಬುದು ಜೊತೆಗಿನ ಹಾಳೆಗಳಲ್ಲಿದೆ. ಪುರಾತತ್ವ ಕಚೇರಿಯ ಅಚ್ಚಾದ ನಕ್ಷೆಯಲ್ಲಿ ಅವುಗಳಿಂದ ಸ್ನಾನಗೃಹದವರೆಗೆ ಚುಕ್ಕಿಗೆರೆ ಎಳೆದಿದ್ದಾರೆ, ಕಾಲುವೆ ಅಲ್ಲಿಗೆ ನೀರು ತರುತ್ತಿತ್ತಂತೆ. ತಾವೂ ಹಾಗೇ ಎಳೆದುಕೊಳ್ಳಿ. ತಮ್ಮ ಆಟದಲ್ಲಿ ನೀರು ತಗ್ಗಿನಿಂದ ಎತ್ತರಕ್ಕೆ ಹತ್ತುತ್ತದೆ ಅಂತ ಬಸ್ಸಿನವನ ಮಗ ಹೇಳಿದ. ಅಂಥ ಕಾಲುವೆ ಕಟ್ಟಿದ ರಾಜ್ಯಪಾಲರನ್ನು ಇಲ್ಲಿನ ಮೇಕೆಗಳೂ ಗೇಲಿ ಮಾಡುತ್ತವೆ.

ಸಾಕು, ನನಗೆ ಈ ನಾಟಕ ಬರುವುದಿಲ್ಲ. ದಲಂದಾ, ನೀನು ಮಾಡಿದ್ದು ತಪ್ಪು. ಈ ಬೆಟ್ಟದಿಂದ ಒಬ್ಬಳಾದರೂ ಕಪ್ಪು ಗೌನು ಹಾಕಿ ನ್ಯಾಯಾಲಯದಲ್ಲಿ ನಿಂತು ಮಾತಾಡಲಿ ಅಂತ ಆಸೆ ಇತ್ತು. ನಿನ್ನ ಉಮ್ಮಿ ಮಾತ್ರ ಕೇಳಿ ಒಂದೇ ಮಾತು ಅಂದಳು: "ಓದ್ಲಿ, ಬಿಡ್ಲಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಾ ಅಂತ ಕೇಳಿ." ಕೇಳಿದ್ದೇನೆ. ಗುಡಿಯ ವಿಷಯ ಅವಳಿಗೆ ಹೇಳಿಲ್ಲ. ಈಗಲೂ ಪ್ರತಿ ಗುರುವಾರ ಕತ್ತೆಯನ್ನು ಹೊರಗೆ ಕಟ್ಟಿ, ಸೀದಿ ಹಮ್ಹಾಮ್‌ರ ಚಪ್ಪಡಿಗೆ ಸುಣ್ಣ ಬಳಿದು ಮೇಣದಬತ್ತಿ ಹಚ್ಚುತ್ತಾಳೆ. ಈ ಚಳಿಗಾಲದ ಮಳೆಯಲ್ಲಿ ವಲಿಗಳು ಚಪ್ಪಡಿಯಡಿಯಿಂದ ಜೋರಾಗಿಯೇ ಗುನುಗಿದರು. ನಿನ್ನ ಅಜ್ಜಿ ಇದ್ದಿದ್ದರೆ, ಮಳೆ ಬಿದ್ದಾಗ ಅವರು ನಮಗಾಗಿ ಪ್ರಾರ್ಥನೆ ಮಾಡುತ್ತಾರೆ ಅನ್ನುತ್ತಿದ್ದಳು.

ಇನ್ನೊಂದು ವಿಷಯ. ಕಚೇರಿಯಿಂದ ನೋಟಿಸು ಬಂದಿದೆ. ಅವಶೇಷಗಳ ನಡುವೆ ಮನೆ ಇರಕೂಡದಂತೆ. ಹದಿನಾಲ್ಕು ಮನೆಯವರೂ ಸೆಪ್ಟೆಂಬರ್ ೩೦ರೊಳಗೆ ಕೆಳಗಿನ ಬಯಲಿಗೆ, ಅವರು ಕಟ್ಟಿಸಿದ ಹೊಸ ಲೂಜ್‌ಗೆ ಹೋಗಬೇಕು. ನೋಟಿಸನ್ನು ಮನೆಮನೆ ಬಾಗಿಲಿಗೆ ಅಂಟಿಸುವ ಕೆಲಸ ಕಾವಲುಗಾರನದು. ನನ್ನ ಬಾಗಿಲಿಗೂ ನಾನೇ ಅಂಟಿಸಿದೆ.

ಕೋಪ ಇಳಿಯದ,
ನಿನ್ನ ಬಾಬಾ ಮೊಂಜಿ


ಟ್ಯೂನಿಸ್
೨೨ ಏಪ್ರಿಲ್ ೨೦೦೧

ಬಾಬಾ,

ಬೈಗುಳಕ್ಕಿಂತ ಹೆಜ್ಜೆಯ ಲೆಕ್ಕವೇ ಎರಡು ಪುಟ ಹೆಚ್ಚಿತ್ತು. ನಾನು ಗೆದ್ದೆ. ಊಟ ಮಾಡುತ್ತಿದ್ದೇನೆ ಅಂತ ಉಮ್ಮಿಗೆ ಹೇಳಿ.

ನೋಟಿಸಿನ ವಿಷಯ ಮೂರು ಸಲ ಓದಿದೆ. ಹೊಸ ಲೂಜ್ ನಾನು ಬಸ್ಸಿನಿಂದ ನೋಡಿದ್ದೇನೆ. ಸಾಲಾಗಿ ಸಿಮೆಂಟಿನ ಡಬ್ಬಿಗಳು, ಒಂದು ಮರವಿಲ್ಲ. ಕೊಟ್ಟಿಗೆಗೆ ಜಾಗವಿಲ್ಲ, ತಬೂನಾ ಒಲೆಗೆ ಜಾಗವಿಲ್ಲ. ರೊಟ್ಟಿ ಎಲ್ಲಿ ಸುಡುತ್ತಾರೆ ಅಂತ ಕಟ್ಟಿದವರು ಯೋಚಿಸಿಯೇ ಇಲ್ಲ. ನೀವು ಹೋಗಬೇಡಿ ಬಾಬಾ. ನೋಟಿಸು ಅಂಟಿಸಿದ ಕೈ ನಿಮ್ಮದೇ ಆದರೂ ಸರಿ, ಹೋಗಬೇಡಿ.

ನನ್ನ ಹೆನ್ಶೀರ್ ಲೂಜ್‌ನಲ್ಲಿ ಜನ ಬಂದು ಸೇರಿದ್ದಾರೆ. ಬುಟ್ಟಿ ಹಿಡಿದು ಮಾರುಕಟ್ಟೆಯಿಂದ ಮನೆಮನೆಗೆ ರೊಟ್ಟಿ ಹಂಚುವ ಹೆಂಗಸು ಥೇಟ್ ನಮ್ಮ ಪಕ್ಕದ ಮನೆಯ ಮಹ್ರೆಜಿಯಾ ಖಾಲಾ, ಯಾವ ಬೀದಿಗೆ ಹೋಗಬೇಕೋ ಅದನ್ನು ಬಿಟ್ಟು ಬೇರೆಲ್ಲ ಬೀದಿಗೂ ಹೋಗುತ್ತಾಳೆ. ಆದರೆ ಆಟದ ಒಂದು ನಿಯಮ ಬಹಳ ಕಟುವಾಗಿದೆ. ನೀರು ಬರುವುದು ನಿಂತ ಮನೆ ಮೊದಲು ಮಹಡಿ ಕಳೆದುಕೊಳ್ಳುತ್ತದೆ, ಆಮೇಲೆ ಗೋಡೆ. ಕೊನೆಗೆ ಜನ ಗಂಟುಮೂಟೆ ಹೊತ್ತು ಊರು ಬಿಡುತ್ತಾರೆ. ಅವರನ್ನು ಯಾರೂ ಓಡಿಸುವುದಿಲ್ಲ, ರಾಜ್ಯಪಾಲ ಬೀದಿಯ ನೀರಿನ ಕಾರಂಜಿ ಮುಚ್ಚಿದರೆ ಸಾಕು.

ಹೋಗಬೇಡಿ ಅಂತ ಮತ್ತೊಮ್ಮೆ ಬರೆಯುವ,
ದಲಂದಾ


ಹೆನ್ಶೀರ್ ಲೂಜ್
೧೭ ಜೂನ್ ೨೦೦೧

ಮಗಳೇ,

ನಲ್ಲಿ ನಿಂತು ಹನ್ನೊಂದು ದಿನವಾಯಿತು. ರಿಪೇರಿಯಂತೆ. ರಿಪೇರಿಗೆ ಬಂದವರು ಗುಂಡಿ ತೋಡಲಿಲ್ಲ, ಕೊಳವೆ ಬಿಚ್ಚಲಿಲ್ಲ. ಕೀಲಿ ತಿರುಗಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಊರಿಗೆ ಇದ್ದದ್ದು ಆ ಒಂದೇ ನಲ್ಲಿ. ಅದು ಬಂದ ವರ್ಷವೇ ನಾವೆಲ್ಲ ಮನೆಯ ಮಳೆನೀರಿನ ತೊಟ್ಟಿಗಳನ್ನು ಬಿಟ್ಟುಬಿಟ್ಟೆವು. ಈಗ ಅವುಗಳಲ್ಲಿ ಈರುಳ್ಳಿ ಇದೆ, ಬಿರುಕಿನಲ್ಲಿ ಓತಿಕೇತ ಇದೆ. ಇದು ನಮ್ಮದೇ ತಪ್ಪು.

ಕಚೇರಿಯ ಇನ್ಸ್‌ಪೆಕ್ಟರು ಸೀ ಲಸಾದ್ ಬಂದಿದ್ದ, ನಿನಗಿಂತ ಹತ್ತು ವರ್ಷಕ್ಕೆ ದೊಡ್ಡವನಿರಬೇಕು. ನಾಟಕದ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿದ.

"ರಿಪೇರಿ ಯಾವಾಗ ಮುಗಿಯುತ್ತೆ ಸೀ ಲಸಾದ್?" ಅಂತ ಕೇಳಿದೆ.

"ಕೆಳಗೆ ಮನೆಮನೆಗೂ ನಲ್ಲಿ ಹಾಕ್ಸಿದ್ದೀವಲ್ಲ ಮೊಂಜಿ, ಅಲ್ಲಿಗೇ ಹೋಗಿ ಕುಡೀರಿ. ಇದು ಸ್ಮಾರಕ, ಇಲ್ಲಿ ಕಲ್ಲುಗಳು ಇರ್ಬೇಕು, ಜನ ಅಲ್ಲ."

ಮಹ್ರೆಜಿಯಾ ಎದ್ದು ನಿಂತಳು. "ಏನಪ್ಪಾ ಸಾಹೇಬ, ನಂಗೆ ಎಪ್ಪತ್ತೆರಡು. ನನ್ನನ್ನೂ ನಿನ್ ಪಟ್ಟೀಲಿ ಹಳೇ ಕಲ್ಲು ಅಂತ ಬರ್ಕೊಂಡ್ಬಿಡು. ಆಗ ಯಾರೂ ಅಲುಗಾಡ್ಸಂಗಿಲ್ಲ, ಅಲ್ವಾ?"

ಜನ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಮಾರನೆಯ ದಿನ ಎರಡು ಮನೆಯವರು ಗಂಟು ಕಟ್ಟಿಕೊಂಡು ಬಯಲಿಗೆ ಇಳಿದರು. ಕೈಕೂಸಿರುವ ಮನೆಗಳು, ತಪ್ಪು ಹೇಳುವಂತಿಲ್ಲ. ತಿರುವಿನಲ್ಲಿ ಅವರು ಮರೆಯಾಗುವಾಗ ನಿನ್ನ ಪತ್ರದ ಮಾತು ನೆನಪಾಯಿತು. ಸೀ ಲಸಾದನೂ ಅದೇ ಆಟ ಆಡುತ್ತಿದ್ದಾನೆ.

ನಾವು ಕತ್ತೆಯ ಮೇಲೆ ನಾಲ್ಕು ಕಿಲೋಮೀಟರಿನಿಂದ ನೀರು ಹೊರುತ್ತಿದ್ದೇವೆ. ಕತ್ತೆಗೆ ಕಾಲು ಬಾತಿದೆ. ಒಂದು ವಿಷಯ ಕೇಳುತ್ತೇನೆ, ಸರಿಯಾಗಿ ನೋಡಿ ಹೇಳು. ನಿನ್ನ ಆಟದಲ್ಲಿ ನೀರು ನಿಂತರೂ ಹೋಗದವರು ಒಬ್ಬರಾದರೂ ಇದ್ದಾರಾ?

ಗಂಟು ಕಟ್ಟದ,
ಬಾಬಾ


ಟ್ಯೂನಿಸ್
೧ ಜುಲೈ ೨೦೦೧

ಬಾಬಾ,

ಇಲ್ಲ. ನಾಲ್ಕು ದಿನ ಕೂತು ನೋಡಿದೆ. ನೀರು ನಿಂತರೆ ಎಲ್ಲರೂ ಹೋಗುತ್ತಾರೆ. ಆಟ ಬರೆದವರು ಹಾಗೆ ಬರೆದಿದ್ದಾರೆ, ತಿದ್ದಲು ನನಗೆ ಬರುವುದಿಲ್ಲ. ಅವರು ಮಹ್ರೆಜಿಯಾ ಖಾಲಾಳನ್ನು ನೋಡಿದವರಲ್ಲ.

ಇನ್ನು ಈ ಪತ್ರವನ್ನು ನಿಧಾನವಾಗಿ ಓದಿ. ನೀವು ಕಳಿಸಿದ ಹತ್ತೊಂಬತ್ತು ಮೋಟು ಕಂಬಗಳನ್ನೂ ನಿಮ್ಮ ಹೆಜ್ಜೆ ಲೆಕ್ಕದಲ್ಲಿ ಚೌಕಗಳ ಮೇಲೆ ಇಟ್ಟೆ. ಕಚೇರಿಯ ಚುಕ್ಕಿಗೆರೆ ನೋಡಲಿಲ್ಲ, ನಿಮ್ಮ ಹೆಜ್ಜೆ ಮಾತ್ರ ನೋಡಿದೆ. ಹನ್ನೆರಡನೆಯ ಕಂಬದವರೆಗೆ ಸಾಲು ಸ್ನಾನಗೃಹದ ಕಡೆ ಬರುತ್ತದೆ. ಅಲ್ಲಿಂದ ಮುಂದೆ ಅದರ ಬೆನ್ನಿಗೆ ತಿರುಗಿ, ದಾಟಿ, ಆಚೆ ಹೋಗುತ್ತದೆ. ಮೂರು ಸಲ ಅಳಿಸಿ ಇಟ್ಟೆ, ಮೂರು ಸಲವೂ ಹಾಗೇ. ಗೆರೆಯನ್ನು ಮುಂದುವರಿಸಿದರೆ ಅದು ಬಂದು ನಿಲ್ಲುವ ಚೌಕ ಯಾವುದು ಗೊತ್ತೇ? ನಮ್ಮ ಕತ್ತೆ ಕೊಟ್ಟಿಗೆ.

ಆಟದಲ್ಲಿ ಕಾಲುವೆ ಸುಮ್ಮನೆ ಎಲ್ಲೋ ಮುಗಿಯುವುದಿಲ್ಲ, ಕೊನೆಯಲ್ಲಿ ದೊಡ್ಡ ತೊಟ್ಟಿ ಇರಬೇಕು. ನಿಜವಾದ ರೋಮನ್ನರೂ ಅಷ್ಟು ಕಲ್ಲು ಹೊತ್ತು ಕತ್ತೆಗೋಸ್ಕರ ಕಾಲುವೆ ಕಟ್ಟಿರಲಾರರು.

ಆಗಸ್ಟಿನಲ್ಲೂ ನಮ್ಮ ಮನೆಯ ಕೆಳಗಿನ ಇಳಿಜಾರಿನಲ್ಲಿ ಜೊಂಡು ಹಸಿರಾಗಿರುತ್ತದೆ, ಊರಿನ ಮೇಕೆಯೆಲ್ಲ ಅಲ್ಲೇ ಮೇಯುತ್ತವೆ. ಏಕೆ? ಸೀದಿ ಹಮ್ಹಾಮ್‌ರ ಚಪ್ಪಡಿಯ ಮೇಲೆ ಕಾಲೂರಿದರೆ ಟೊಳ್ಳು ಸದ್ದು ಬರುತ್ತದೆ. ಏಕೆ? ಅವರು ಮಳೆ ಬಂದಾಗ ಮಾತ್ರ ಗುನುಗುತ್ತಾರೆ. ಬಾಬಾ, ಒಳಗೆ ಬೀಳುವ ನೀರಿನ ಸದ್ದಲ್ಲವೇ ಅದು? ನಮ್ಮ ಮನೆಯವರು ತಲೆತಲಾಂತರದಿಂದ ನೀರಿನ ತೊಟ್ಟಿಗೆ ಮೇಣದಬತ್ತಿ ಹಚ್ಚುತ್ತಾ ಬಂದಿದ್ದಾರೆ ಅಂತ ನನಗೆ ಅನಿಸುತ್ತಿದೆ. ಚಪ್ಪಡಿ ಎತ್ತಿಸಿ.

ಮೂರು ಸಲ ಎಣಿಸಿ ಬರೆದ,
ದಲಂದಾ


ಹೆನ್ಶೀರ್ ಲೂಜ್
೯ ಜುಲೈ ೨೦೦೧

ದಲಂದಾ,

ನನ್ನ ತಾಯಿ ಸಾಯುವುದಕ್ಕೆ ಹಿಂದಿನ ಗುರುವಾರವೂ ಆ ಚಪ್ಪಡಿಗೆ ಸುಣ್ಣ ಬಳಿದಳು. ನೀನು ಹುಟ್ಟಿದಾಗ ನಿನ್ನನ್ನು ಅದರ ಮೇಲೆ ಮಲಗಿಸಿ ಹೆಸರಿಟ್ಟೆವು. ಕಂಪ್ಯೂಟರಿನಲ್ಲಿ ನಾಲ್ಕು ಚೌಕ ಜೋಡಿಸಿ, ನಮ್ಮ ವಲಿ ವಲಿಯಲ್ಲ, ತೊಟ್ಟಿ ಅನ್ನುತ್ತೀಯಾ? ಮೂವತ್ತೊಂದು ವರ್ಷ ಆ ಕಂಬಗಳ ನಡುವೆ ನಡೆದವನು ನಾನು, ನನಗೆ ಕಾಣದ್ದು ನಿನಗೆ ಬಾಬ್ ಸೂಯಿಕಾದಲ್ಲಿ ಕಂಡಿತೇ?

ನಿನ್ನ ಪತ್ರವನ್ನು ಉಮ್ಮಿಗೆ ಪೂರ್ತಿ ಓದಿ ಹೇಳಿದೆ, ಅವಳೂ ಬೈಯಲಿ ಅಂತ. ಅವಳು ಬೈಯಲಿಲ್ಲ. ಎರಡನೇ ಸಲ ಓದಿಸಿಕೊಂಡು, ಎದ್ದು ಹೋಗಿ ರೊಟ್ಟಿ ತಟ್ಟಲು ಕೂತಳು.

ಈ ವಿಷಯ ಇನ್ನು ಎತ್ತಬೇಡ.

ಮೊಂಜಿ


ಹೆನ್ಶೀರ್ ಲೂಜ್
೧೯ ಆಗಸ್ಟ್ ೨೦೦೧

ಮಗಳೇ,

ಆರು ವಾರ ಬರೆಯಲಿಲ್ಲ, ಅಹಂಕಾರ. ಈಗ ಬರೆಯದೆ ಗತಿಯಿಲ್ಲ.

ಮಂಗಳವಾರ ಬೆಳಗಿನ ಸುತ್ತು ಮುಗಿಸಿ ಬಂದಾಗ ಕತ್ತೆ ಹೊರಗಿತ್ತು. ಗುರುವಾರವಲ್ಲವಲ್ಲ ಅಂತ ಒಳಗೆ ಹೋದೆ. ನಿನ್ನ ಉಮ್ಮಿ ಸೆರಗು ಸೊಂಟಕ್ಕೆ ಬಿಗಿದು ಹಾರೆ ಹಿಡಿದಿದ್ದಳು. ಮಹ್ರೆಜಿಯಾ ಮತ್ತು ಇನ್ನಿಬ್ಬರು ಹೆಂಗಸರು ಹಗ್ಗ ಜಗ್ಗುತ್ತಿದ್ದರು. ಚಪ್ಪಡಿ ಅರ್ಧ ಎದ್ದಿತ್ತು.

"ಶೆದ್ಲಿಯಾ! ವಲಿ ಮಲಗಿದಾರೆ ಅಲ್ಲಿ!" ಅಂತ ಕೂಗಿದೆ.

"ಮಲಗಿದ್ರೆ ಎಬ್ಬಿಸ್ತೀನಿ," ಅಂದಳು. "ಅವರಿಗೆ ನಲವತ್ತು ವರ್ಷ ಸುಣ್ಣ ಬಳ್ದಿದೀನಿ, ಮೇಣದಬತ್ತಿ ಹಚ್ಚಿದೀನಿ. ಒಂದಿನ ಒಂದು ಕೇಳ್ದೋಳಲ್ಲ. ಊರು ಬಾಯಾರಿ ಸಾಯ್ತಿದೆ, ಇವತ್ತು ಕೇಳ್ತೀನಿ. ಬಾಯಿ ನೋಡ್ತಾ ನಿಲ್ಬೇಡಿ, ಆ ಕಡೆ ಹಿಡೀರಿ!"

ನಾನು ಹಿಡಿದೆ. ಮೂವತ್ತೊಂದು ವರ್ಷದ ಸರ್ಕಾರಿ ಕಾವಲುಗಾರ, ತಲೆಯ ಮೇಲೆ ಟೋಪಿ ಇಟ್ಟುಕೊಂಡೇ ಹಳೆಯ ಕಲ್ಲು ಕಿತ್ತೆ. ಕೆಳಗೆ ಕತ್ತಲೆ, ತಣ್ಣನೆಯ ಗಾಳಿ. ಬಕೆಟ್ಟು ಇಳಿಬಿಟ್ಟೆವು. ಹಗ್ಗ ಹನ್ನೆರಡು ಮೊಳ ಹೋಯಿತು. ಆಮೇಲೆ ಬಂದ ಸದ್ದು ಕೇಳಿ ಮಹ್ರೆಜಿಯಾ ನೆಲದ ಮೇಲೆ ಕೂತು ಅತ್ತಳು. ದೀಪ ಇಳಿಸಿ ನೋಡಿದೆವು: ಕಮಾನಿನ ಮೇಲೆ ಕಮಾನು, ಕೊನೆ ಕಾಣಲಿಲ್ಲ, ಅಷ್ಟುದ್ದಕ್ಕೂ ನೀರು. ನೀನು ಹೇಳಿದ್ದು ಸರಿ. ಕಚೇರಿಯ ಚುಕ್ಕಿಗೆರೆ ನಂಬಿಕೊಂಡು, ಕಾಲಡಿಯ ಹೆಜ್ಜೆಯನ್ನೇ ನಾನು ನೋಡಲಿಲ್ಲ.

ಮೊದಲು ಕತ್ತೆಗೆ ಕುಡಿಸಿದೆವು. ಎರಡು ದಿನ ಕಾದೆವು, ಕತ್ತೆ ಗುಂಡುಕಲ್ಲಿನಂತಿದೆ. ಈಗ ಸೋಸಿ, ಕುದಿಸಿ ಎಲ್ಲರೂ ಕುಡಿಯುತ್ತಿದ್ದೇವೆ. ಬಯಲಿಗೆ ಹೋಗಿದ್ದ ಎರಡು ಮನೆಯಲ್ಲಿ ಒಂದು ವಾಪಸು ಬಂದಿದೆ. "ಹಾಗಾದರೆ ಸೀದಿ ಹಮ್ಹಾಮ್ ವಲಿಯಲ್ಲವೇನೋ," ಅಂತ ಮೆಲ್ಲಗೆ ಅಂದೆ. ಉಮ್ಮಿ ತಿರುಗಿ ಬಿದ್ದಳು: "ಹದಿಮೂರು ಮನೆಗೆ ನೀರು ಕೊಡೋರು ವಲಿ ಅಲ್ದೆ ಇನ್ನೇನು, ಇನ್ಸ್‌ಪೆಕ್ಟರಾ?" ಈ ಗುರುವಾರವೂ ಮೇಣದಬತ್ತಿ ಹಚ್ಚಿದ್ದಾಳೆ.

ಈಗ ನನ್ನ ಸಂಕಟ ಕೇಳು. ನೆಲದಿಂದ ಏನೇ ಹೊರಬಂದರೂ ಕಾವಲುಗಾರ ಅದೇ ದಿನ ರಿಜಿಸ್ಟರಿನಲ್ಲಿ ಬರೆಯಬೇಕು. ಮುರಿದ ದೀಪ, ಸವೆದ ನಾಣ್ಯ, ಅಂಗಿಯ ಒಂದು ಗುಂಡಿಯನ್ನೂ ನಾನು ಬಿಟ್ಟವನಲ್ಲ. ಈ ತೊಟ್ಟಿ ಬರೆದರೆ ನಮ್ಮ ಮನೆಯೇ ಸ್ಮಾರಕ, ನಾಳೆಯೇ ನಮ್ಮನ್ನು ಎಬ್ಬಿಸುತ್ತಾರೆ. ಬರೆಯದಿದ್ದರೆ ಮೂವತ್ತೊಂದು ವರ್ಷದ ನನ್ನ ರಿಜಿಸ್ಟರು ಸುಳ್ಳಾಗುತ್ತದೆ. ಮಂಗಳವಾರದ ಸಾಲು ಇನ್ನೂ ಖಾಲಿ ಇದೆ. ಎರಡು ವರ್ಷವಾದರೂ ಕಾನೂನು ಓದಿದವಳು ನೀನು, ಏನು ಮಾಡಲಿ ಹೇಳು.

ಸೋತು ಕೇಳುತ್ತಿರುವ,
ಬಾಬಾ


ಟ್ಯೂನಿಸ್
೨೭ ಆಗಸ್ಟ್ ೨೦೦೧

ನನ್ನ ಬಾಬಾ,

ನಿಮ್ಮ ಪತ್ರವನ್ನು ಅಂಗಡಿಯಲ್ಲೇ ನಿಂತು ಓದಿದೆ. ಜೋರಾಗಿ ಕೂಗಿಬಿಟ್ಟೆ. ಎಂಟು ಕಂಪ್ಯೂಟರಿನವರೂ ತಿರುಗಿ ನೋಡಿದರು. ಉಮ್ಮಿಯ ಕೈಗೆ ನನ್ನ ಮುತ್ತು ಕೊಡಿ, ಹಾರೆ ಹಿಡಿದ ಎರಡೂ ಕೈಗೆ.

ಕಾನೂನು ಓದಿದವಳಾಗಿ ಹೇಳುತ್ತೇನೆ: ಬರೆಯಬೇಡಿ. ಮುಚ್ಚಿಡಿ. ಚಪ್ಪಡಿ ಎಳೆದು, ಮೇಲೆ ಹುಲ್ಲು ಹರಡಿ, ಕತ್ತೆಯನ್ನು ಕಟ್ಟಿ. ನಿಮ್ಮನ್ನು ಬಾಯಾರಿಸಿ ಓಡಿಸಲು ನೋಡಿದವರಿಗೆ ಸತ್ಯ ಹೇಳಬೇಕಾದ ಋಣ ನಿಮಗಿಲ್ಲ. ಮಂಗಳವಾರದ ಸಾಲಿನಲ್ಲಿ "ವಿಶೇಷವಿಲ್ಲ" ಅಂತ ಬರೆಯಿರಿ. ಇಡೀ ದೇಶದಲ್ಲಿ ದಿನವೂ ಎಷ್ಟು ಜನ ಹಾಗೆ ಬರೆಯುತ್ತಾರೋ!

ನಿಮ್ಮ ಪರವಾಗಿ ಸುಳ್ಳು ಹೇಳಲೂ ಸಿದ್ಧಳಿರುವ,
ದಲಂದಾ


ಹೆನ್ಶೀರ್ ಲೂಜ್
೪ ಅಕ್ಟೋಬರ್ ೨೦೦೧

ಮಗಳೇ,

ನಿನ್ನ ಸಲಹೆ ಓದಿದೆ. ಒಂದು ದಿನ ಯೋಚಿಸಿದೆ. ಮುಚ್ಚಿಡುವುದು ಕದ್ದವರ ಕೆಲಸ. ನಮ್ಮ ಮನೆಯ ನೀರು ನಾವು ಕುಡಿಯಲು ನಾನೇಕೆ ಕಳ್ಳನಾಗಲಿ?

ಬರೆದೆ. ರಿಜಿಸ್ಟರಿನಲ್ಲಿ ಆರು ಕಾಲಮ್ಮು. ಸಿಕ್ಕ ದಿನ: ಮಂಗಳವಾರ; ತಡವಾಗಿ ಬರೆದದ್ದಕ್ಕೆ ಕಾರಣ: ಕಾವಲುಗಾರನ ಅಂಜಿಕೆ. ಜಾಗ: ಕಾವಲುಗಾರನ ಕೊಟ್ಟಿಗೆ. ವಸ್ತು: ನೀರಿನ ತೊಟ್ಟಿ, ಒಂದು. ಅಳತೆ ಕೊಟ್ಟೆ. ಕಂಡವರು: ಶೆದ್ಲಿಯಾ, ಕಾವಲುಗಾರನ ಹೆಂಡತಿ. ಕೊನೆಯದು ಸ್ಥಿತಿ. ಮೂವತ್ತೊಂದು ವರ್ಷ ಆ ಕಾಲಮ್ಮಿನಲ್ಲಿ ನಾನು ಬರೆದದ್ದು ಮೂರೇ ಮಾತು: ಒಡೆದಿದೆ, ಸವೆದಿದೆ, ಪಾಳುಬಿದ್ದಿದೆ. ಈ ಸಲ ಬರೆದೆ: "ಬಳಕೆಯಲ್ಲಿದೆ. ಹದಿಮೂರು ಮನೆ, ಅರವತ್ತೇಳು ಜನ, ಒಂದು ಕತ್ತೆ." ಮೂರು ಪ್ರತಿ ಮಾಡಿ ಒಂದನ್ನು ಕಚೇರಿಗೆ, ಒಂದನ್ನು ಪ್ರಾಂತದ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಒಂದು ನನ್ನ ಹತ್ತಿರ ಇದೆ.

ಸೆಪ್ಟೆಂಬರ್ ೩೦ರ ಬೆಳಿಗ್ಗೆ ಸೀ ಲಸಾದ್ ಎರಡು ಲಾರಿ ತಂದ. ನೇರ ನಮ್ಮ ಅಂಗಳಕ್ಕೆ ಬಂದು ನನ್ನ ಹಾಳೆ ಝಾಡಿಸಿದ.

"ಇದೇನು ಬರ್ದಿದೀರಿ ಮೊಂಜಿ? 'ಬಳಕೆಯಲ್ಲಿದೆ' ಅಂದ್ರೆ ಏನರ್ಥ? ಜನವಸತಿ ಇಲ್ಲದ ಪಾಳು ಅಂತ ನಾನು ಕಡತ ಮಾಡಿದೀನಿ. ಇದು ಅದ್ರ ಪಕ್ಕ ಕೂತ್ರೆ ನನ್ನ ಕಡತ ಏನಾಗ್ಬೇಕು? ಹೊಡೆದ್ಹಾಕಿ 'ಪಾಳುಬಿದ್ದಿದೆ' ಅಂತ ಬರ್ದು ಸಹಿ ಮಾಡಿ."

"ಇಣುಕಿ ನೋಡಿ ಸೀ ಲಸಾದ್. ಪಾಳು ಬಿದ್ದಿದ್ರೆ ಈಗ್ಲೇ ತಿದ್ತೀನಿ."

ಅವನು ಇಣುಕಿದ. ಬಹಳ ಹೊತ್ತು ಇಣುಕಿದ. ಓದಿದವನಲ್ಲವೇ, ಆ ಕಮಾನುಗಳನ್ನು ನೋಡಿ ಅವನ ಮುಖ ಒಂದು ಕ್ಷಣ ಹುಡುಗನ ಮುಖವಾಯಿತು. ಅಷ್ಟರಲ್ಲಿ ನಿನ್ನ ಉಮ್ಮಿ ಒಂದು ಲೋಟ ನೀರು ಅವನ ಕೈಗಿಟ್ಟಳು. "ಕುಡಿ ಮಗನೇ. ದೂರದಿಂದ ಬಂದಿದೀಯ, ನಿಂಗೂ ನಲ್ಲಿ ಇಲ್ಲ ಇಲ್ಲಿ." ಬಿಸಿಲು ಜೋರಿತ್ತು. ಹದಿಮೂರು ಮನೆಯವರು ನೋಡುತ್ತಾ ನಿಂತಿದ್ದರು. ಅವನು ಕುಡಿದ.

"ಈಗ ಅರವತ್ತೆಂಟು ಜನ," ಅಂದಳು ಮಹ್ರೆಜಿಯಾ. "ತಿದ್ಕೋ ಮೊಂಜಿ."

ನಾನು ಒಂದಕ್ಷರ ತಿದ್ದಲಿಲ್ಲ. ನನ್ನ ಸಹಿ ಇಲ್ಲದೆ ಅವನ ಕಡತ ಮೇಲೆ ಹೋಗುವಂತಿಲ್ಲ. ಟೋಪಿ, ಬೀಗದ ಕೈ ಕೊಡಿ ಅಂದ, ಕೊಟ್ಟೆ. ಮೇಲಿನವರು ತೀರ್ಮಾನಿಸುವವರೆಗೆ ನನ್ನನ್ನು ಕೆಲಸದಿಂದ ಬಿಡಿಸಿದ್ದಾನಂತೆ. ಟೋಪಿ ಕೊಡುವಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಲಾರಿಗಳು ಖಾಲಿ ಇಳಿದು ಹೋದವು. ಮಾರನೆಯ ಬೆಳಿಗ್ಗೆ ಬರಿದಲೆಯಲ್ಲಿ ಸುತ್ತು ಹೋದೆ. ಕಾಲಿಗೆ ಅಭ್ಯಾಸ ತಪ್ಪುವುದಿಲ್ಲ.

ನೀನು ಕಾಲೇಜು ಬಿಟ್ಟದ್ದು ನನಗೆ ಈಗಲೂ ಸರಿ ಕಾಣುವುದಿಲ್ಲ. ನಿನ್ನ ಮೇಲಿನ ಹೆಮ್ಮೆಗೂ ಅದಕ್ಕೂ ಸಂಬಂಧವಿಲ್ಲ ಅಂತ ಮಾತ್ರ ಈಗ ಗೊತ್ತಾಗಿದೆ.

ನಿನ್ನ ಬಾಬಾ,
ಮೊಂಜಿ


ಟ್ಯೂನಿಸ್
೨೮ ಅಕ್ಟೋಬರ್ ೨೦೦೧

ಬಾಬಾ,

ನಿಮ್ಮ ಪತ್ರ ದಿಂಬಿನ ಕೆಳಗಿದೆ. ನನ್ನ ಸಲಹೆಯಂತೆ ನಡೆಯದೆ ಇದ್ದದ್ದಕ್ಕೆ ಧನ್ಯವಾದ. ಕ್ಷಮೆ ಕೇಳುವುದಿಲ್ಲ ಅಂತ ಮಾರ್ಚಿನಲ್ಲಿ ಬರೆದಿದ್ದೆ. ಕಾಲೇಜಿಗಾಗಿ ಈಗಲೂ ಕೇಳುವುದಿಲ್ಲ, ಸುಳ್ಳು ಬರೆಯಿರಿ ಅಂದದ್ದಕ್ಕೆ ಕೇಳುತ್ತೇನೆ.

ಇಲ್ಲಿ ಒಂದು ತಮಾಷೆ ನಡೆದಿದೆ. ನನ್ನ ಹೆನ್ಶೀರ್ ಲೂಜ್ ಪೂರ್ತಿಯಾಯಿತು. ಆಟದ ನಿಯಮ ತಿದ್ದಲು ನನಗೆ ಬರದಿದ್ದರೂ ನೆಲ ಬರೆಯುವುದು ನನ್ನ ಕೈಯಲ್ಲಿತ್ತು. ನಿಮ್ಮ ರಿಜಿಸ್ಟರಿನಲ್ಲಿದ್ದಂತೆ ಮನೆಗಳನ್ನು ಹದಿಮೂರು ಮಾಡಿದೆ. ಕೊಟ್ಟಿಗೆಯ ಚೌಕದಲ್ಲಿದ್ದ ಪುಟ್ಟ ಗುಡಿ ತೆಗೆದೆ. ಅಲ್ಲಿ ಮರಗಳ ಮರೆಯಲ್ಲಿ, ರಾಜ್ಯಪಾಲನಿಂದ ಮುಚ್ಚಲಾಗದಂಥ ಒಂದು ನೀರಿನ ಬಾವಿ ಇಟ್ಟೆ. ಆಟ ಆಡುವವರು ದೇಶದೇಶದಿಂದ ತಮ್ಮ ನಕ್ಷೆ ಹಾಕುವ ಜಾಲತಾಣದಲ್ಲಿ ಹಾಕಿದೆ. ಇನ್ನೂರಕ್ಕೂ ಹೆಚ್ಚು ಜನ ಇಳಿಸಿಕೊಂಡಿದ್ದಾರೆ.

ಒಬ್ಬ ಪೋಲೆಂಡಿನಿಂದ ಸಿಟ್ಟಿನಲ್ಲಿ ಬರೆದಿದ್ದಾನೆ: "ನಿಮ್ಮ ನಕ್ಷೆಯಲ್ಲಿ ದೋಷವಿದೆ. ಬೆಟ್ಟದ ಮೇಲೆ ದೊಡ್ಡ ಅರಮನೆ ಕಟ್ಟಲು ನನಗೆ ಜಾಗ ಬೇಕು. ಕಾರಂಜಿ ಎಲ್ಲ ಮುಚ್ಚಿದೆ. ಹದಿಮೂರು ಮನೆಯವರು ಹೋಗುತ್ತಲೇ ಇಲ್ಲ. ಅವರನ್ನು ಎಬ್ಬಿಸುವುದು ಹೇಗೆ?"

ಏನು ಉತ್ತರ ಕೊಡಲಿ ಬಾಬಾ? ನಿಮ್ಮನ್ನು ಕೇಳದೆ ಬರೆಯುವುದಿಲ್ಲ.

ನಿಮ್ಮ ರಾಜ್ಯಪಾಲೆ,
ದಲಂದಾ


ಹೆನ್ಶೀರ್ ಲೂಜ್
೯ ನವೆಂಬರ್ ೨೦೦೧

ಘನತೆವೆತ್ತ ರಾಜ್ಯಪಾಲೆಯವರಿಗೆ,

ನಿನ್ನೆ ಮೊದಲ ಮಳೆ ಬಿತ್ತು. ಸೀದಿ ಹಮ್ಹಾಮ್ ಗುನುಗಲು ಶುರುಮಾಡಿದ್ದಾರೆ, ಚಪ್ಪಡಿ ತೆಗೆದಿರುವುದರಿಂದ ಈಗ ಬೀದಿಗೆಲ್ಲ ಕೇಳಿಸುತ್ತದೆ. ಬಯಲಿನಲ್ಲಿ ಉಳಿದಿದ್ದ ಆ ಒಂದು ಮನೆಯವರೂ ಕೂಸನ್ನು ಎತ್ತಿಕೊಂಡು ಮೇಲೆ ಹತ್ತಿ ಬಂದರು. ಮಹ್ರೆಜಿಯಾ ಅವರಿಗೆ ಮೊದಲು ಬೈದು ಆಮೇಲೆ ರೊಟ್ಟಿ ಕೊಟ್ಟಳು. ಮೇಲಿನವರ ತೀರ್ಮಾನ ಇನ್ನೂ ಬಂದಿಲ್ಲ. ಬಂದಾಗ ನಾವು ಇಲ್ಲೇ ಇರುತ್ತೇವೆ.

ಪೋಲೆಂಡಿನ ಸಾಹೇಬರಿಗೆ ನನ್ನ ಹೆಸರಿನಲ್ಲೇ ಹೀಗೆ ಬರೆಯುವುದು: ನಕ್ಷೆಯನ್ನು ಕಾವಲುಗಾರ ಖುದ್ದು ಹೆಜ್ಜೆ ಹಾಕಿ ಪರಿಶೀಲಿಸಿದ್ದಾನೆ, ದೋಷವಿಲ್ಲ. ಮನೆಗಳು ಹದಿಮೂರಲ್ಲ, ಹದಿನಾಲ್ಕು. ಸ್ಥಿತಿ: ಬಳಕೆಯಲ್ಲಿವೆ. ಅರಮನೆಯನ್ನು ಬಯಲಿನಲ್ಲಿ ಕಟ್ಟಿಕೊಳ್ಳಲಿ, ಅಲ್ಲಿ ಸಿಮೆಂಟಿನ ಡಬ್ಬಿಗಳು ಖಾಲಿ ಇವೆ.

ಟೋಪಿಯಿಲ್ಲದ ಕಾವಲುಗಾರ,
ಮೊಂಜಿ